ಅಕ್ಕ ಪ್ರೈವೇಟಿಗೆ, ತಮ್ಮ ಸರ್ಕಾರಿ ಹೈಸ್ಕೂಲಿಗೆ: ಎರಡೂ ಕಡೆ ಮಕ್ಕಳನ್ನು ಓದಿಸಿದ ಮೇಲೆ

ಉಡುಪಿ ಹತ್ತಿರದ ಒಂದು ಸಣ್ಣ ಪೇಟೆಯಲ್ಲಿ ನಾನು ಸೊಸೈಟಿಗೆ ಪಿಗ್ಮಿ ಕಲೆಕ್ಷನ್ ಮಾಡುತ್ತೇನೆ. ದಿನಾ ಮಧ್ಯಾಹ್ನದ ಮೇಲೆ ಅರವತ್ತು ಎಪ್ಪತ್ತು ಅಂಗಡಿ ಹತ್ತಿ ಇಳಿಯುವ ಕೆಲಸ. ಮೇ ತಿಂಗಳು ಬಂತೆಂದರೆ ಎಲ್ಲ ಕಡೆ ಒಂದೇ ಮಾತು. ಎಂಟನೇ ಕ್ಲಾಸಿಗೆ ಮಕ್ಕಳನ್ನು ಎಲ್ಲಿ ಸೇರಿಸುವುದು?

ಬೇಕರಿಯವರು ಹೇಳುತ್ತಾರೆ, "ಆ ಸರ್ಕಾರಿ ಹೈಸ್ಕೂಲಾ? ಅಲ್ಲಿ ಪಾಠವೇ ಆಗುವುದಿಲ್ಲ ಮಾರಾಯ್ರೆ." ನಾಲ್ಕು ಅಂಗಡಿ ದಾಟಿದರೆ ಟೈಲರ್. "ನನ್ನ ಮಗಳು ಅಲ್ಲೇ ಕಲಿತದ್ದು. ಈಗ ಮಣಿಪಾಲದಲ್ಲಿ ನರ್ಸ್. ಅಂಥ ಮಾಷ್ಟ್ರು ಬೇರೆ ಎಲ್ಲಿ ಸಿಗ್ತಾರೆ ಅಕ್ಕ?" ಮೂಲೆಯ ಜಿನಸಿ ಅಂಗಡಿಯ ಅಜ್ಜ ಇವತ್ತಿಗೂ ಅದನ್ನು ಬೋರ್ಡ್ ಹೈಸ್ಕೂಲು ಎಂದೇ ಕರೆಯುತ್ತಾರೆ. ನಮ್ಮ ಜಿಲ್ಲೆ ಮದ್ರಾಸಿಗೆ ಸೇರಿದ್ದ ಕಾಲದಲ್ಲಿ ಡಿಸ್ಟ್ರಿಕ್ಟ್ ಬೋರ್ಡ್ ಶಾಲೆ ನಡೆಸುತ್ತಿತ್ತಲ್ಲ, ಆ ಹೆಸರು. ಅವರ ಪ್ರಕಾರ ಅಂಥ ಶಾಲೆ ಊರಿಗೆ ಇನ್ನೊಂದಿಲ್ಲ.

ಮೂವರೂ ಹೇಳುವುದು ಒಂದೇ ಶಾಲೆಯ ಬಗ್ಗೆ. ಯಾರೂ ಸುಳ್ಳು ಹೇಳುತ್ತಿಲ್ಲ. ಕೇಳಿ ನೋಡಿದಾಗ ಗೊತ್ತಾಯಿತು, ಬೇಕರಿಯವರ ಅಣ್ಣನ ಮಗ ಓದಿದ್ದು ಇಬ್ಬರು ಟೀಚರ್ ವರ್ಗವಾಗಿ ಹೋಗಿ ಆ ಜಾಗ ಖಾಲಿ ಬಿದ್ದ ವರ್ಷ. ಟೈಲರ್ ಮಗಳು ಓದಿದ್ದು ಅದಕ್ಕೆ ಎಷ್ಟೋ ಮೊದಲು. ಒಬ್ಬೊಬ್ಬರು ಒಂದೊಂದು ವರ್ಷದ ಶಾಲೆಯನ್ನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದಾರೆ.

ನನಗೆ ಎರಡೂ ಕಡೆಯ ಅನುಭವ ಇದೆ. ಮಗಳು 2020ರಿಂದ 2023ರವರೆಗೆ ಒಂದು ಪ್ರೈವೇಟ್ ಇಂಗ್ಲಿಷ್ ಮೀಡಿಯಂ ಹೈಸ್ಕೂಲಿನಲ್ಲಿ ಓದಿದಳು. ಮಗ 2022ರಿಂದ 2025ರವರೆಗೆ ನಮ್ಮ ಪೇಟೆಯ ಸರ್ಕಾರಿ ಹೈಸ್ಕೂಲಿನಲ್ಲಿ, ಕನ್ನಡ ಮೀಡಿಯಂ. ಮಗನನ್ನು ಅಲ್ಲಿ ಹಾಕಿದ್ದು ಆದರ್ಶಕ್ಕೆ ಅಲ್ಲ. ಗಂಡನ ರಿಕ್ಷಾ ಬಾಡಿಗೆ ಕೊರೋನಾ ಆದ ಮೇಲೆ ಮೊದಲಿನ ಹಾಗೆ ಇರಲಿಲ್ಲ. ಇಬ್ಬರ ಫೀಸು ಕಟ್ಟುವ ಶಕ್ತಿ ನಮಗಿರಲಿಲ್ಲ. ಒಂದು ವರ್ಷ ಅಕ್ಕ ಹತ್ತನೇಯಲ್ಲಿ, ತಮ್ಮ ಎಂಟನೇಯಲ್ಲಿ, ಇಬ್ಬರೂ ಒಂದೇ ಮೇಜಿನಲ್ಲಿ ಕೂತು ಓದುತ್ತಿದ್ದರು. ಎರಡು ಶಾಲೆಗಳ ವ್ಯತ್ಯಾಸ ನನಗೆ ನಿಜವಾಗಿ ಕಂಡದ್ದು ಆ ಮೇಜಿನಲ್ಲಿ.

ಪ್ರೈವೇಟಿನಲ್ಲಿ ಖಾಲಿ ಪೀರಿಯಡ್ ಅಂತ ಇಲ್ಲ. ಟೀಚರ್ ಬಿಟ್ಟು ಹೋದರೆ ಒಂದು ವಾರದಲ್ಲಿ ಇನ್ನೊಬ್ಬರು ಬರುತ್ತಾರೆ. ವಾರಕ್ಕೊಂದು ಟೆಸ್ಟ್, ಡೈರಿಯಲ್ಲಿ ಸಹಿ, ಮಗು ಬಾರದಿದ್ದರೆ ಹತ್ತು ಗಂಟೆಯೊಳಗೆ ಫೋನು. ಕೆಲಸಕ್ಕೆ ಹೋಗುವ ತಾಯಿಗೆ ಅದೊಂದು ದೊಡ್ಡ ಸಮಾಧಾನ. ಇಂಗ್ಲಿಷ್ ಅಂತೂ ಮಗಳಿಗೆ ನೀರು ಕುಡಿದಷ್ಟು ಸುಲಭವಾಯಿತು. ಅದನ್ನು ನಾನು ಒಪ್ಪಲೇಬೇಕು.

ಆದರೆ ಟೀಚರ್‌ಗಳು ನಿಲ್ಲುತ್ತಿರಲಿಲ್ಲ. ಮೂರು ವರ್ಷದಲ್ಲಿ ಮೂವರು ವಿಜ್ಞಾನದ ಟೀಚರ್. ಸಂಬಳ ಕಡಿಮೆ, ಒಳ್ಳೆ ಕಡೆ ಸಿಕ್ಕಿದರೆ ಹೋಗುತ್ತಾರೆ, ಅವರನ್ನು ತಪ್ಪು ಎನ್ನಲಾಗದು. ಮಗಳ ನೋಟ್ಸು ನೋಡಲು ಬಹಳ ಚಂದ. ಪ್ರಶ್ನೆ, ಕೆಳಗೆ ಉತ್ತರ, ಗೆರೆ ಹೊಡೆದು ಅಚ್ಚುಕಟ್ಟು. ಅದೇ ಪ್ರಶ್ನೆಯನ್ನು ಸ್ವಲ್ಪ ತಿರುಗಿಸಿ ಕೇಳಿದರೆ ಅವಳು ಗಾಬರಿಯಾಗುತ್ತಿದ್ದಳು.

ತಮ್ಮನ ಪುಸ್ತಕ ನೋಡಿದರೆ ಅಕ್ಷರ ಕೋಳಿ ಕೆದಕಿದ ಹಾಗೆ. ಒಂದು ಸಂಜೆ ಅವನು ಬಂದು ಅಕ್ಕನಿಗೆ ಹೇಳಿದ, "ನಮ್ಮ ಶಾಲೆ ಬಾವಿಯಲ್ಲಿ ಎಷ್ಟು ಲೀಟರ್ ನೀರಿದೆ ಹೇಳು?" ಗಣಿತದ ಮಾಷ್ಟ್ರು ಮಕ್ಕಳನ್ನು ಬಾವಿಕಟ್ಟೆಗೆ ಕರೆದುಕೊಂಡು ಹೋಗಿದ್ದರಂತೆ. ಬಾವಿಯ ಒಳಗೋಡೆಗೆ ಹಗ್ಗ ಸುತ್ತಿಸಿ ಅಳತೆ ತೆಗೆಸಿದರು. 11 ಮೀಟರ್. ಅದರಿಂದ ವ್ಯಾಸ ಮೂರೂವರೆ ಮೀಟರ್. ಕೊಡಪಾನಕ್ಕೆ ಕಲ್ಲು ಕಟ್ಟಿ ಇಳಿಸಿ ನೋಡಿದರೆ ನೀರಿನ ಆಳ 4 ಮೀಟರ್. ಮಗ ಪುಸ್ತಕದ ಹಿಂದಿನ ಪುಟದಲ್ಲಿ ಲೆಕ್ಕ ಹಾಕಿದ್ದ: 38,500 ಲೀಟರ್. ಆಮೇಲೆ ಮಾಷ್ಟ್ರು ಕೇಳಿದರಂತೆ, ದಿನಕ್ಕೆ ಇಷ್ಟು ನೀರು ಖರ್ಚಾದರೆ ಏಪ್ರಿಲ್‌ವರೆಗೆ ಸಾಕಾಗುತ್ತದಾ? ಅಕ್ಕನಿಗೆ ಸೂತ್ರ ಬಾಯಿಪಾಠ ಬರುತ್ತಿತ್ತು. ಆದರೂ ಅವನ ಲೆಕ್ಕವನ್ನು ಎರಡು ಸಲ ಓದಿದಳು. "ನಮಗೆ ಹೀಗೆ ಯಾರೂ ಹೇಳಿಕೊಡಲಿಲ್ಲ ಅಮ್ಮ" ಎಂದಳು. ನನಗೆ ಆ ಮಾತು ಇನ್ನೂ ಕಿವಿಯಲ್ಲಿದೆ.

ಸರ್ಕಾರಿ ಹೈಸ್ಕೂಲಿನ ಟೀಚರ್ ಅಂದರೆ ಬಿಎಡ್ ಮುಗಿಸಿ, ಸ್ಪರ್ಧೆಯ ಪರೀಕ್ಷೆ ಬರೆದು ಬಂದವರು. ಹೆಚ್ಚಿನವರು ಹತ್ತು ಹದಿನೈದು ವರ್ಷ ಅದೇ ವಿಷಯ ಪಾಠ ಮಾಡಿದವರು. ಟೀಚರ್ ಇದ್ದರೆ ಪಾಠ ಗಟ್ಟಿ. ತೊಂದರೆ ಇರುವುದು ಟೀಚರ್ ಇಲ್ಲದಿದ್ದಾಗ.

ಮಗ ಒಂಬತ್ತನೇಯಲ್ಲಿದ್ದಾಗ ಇಂಗ್ಲಿಷ್ ಟೀಚರ್ ವರ್ಗವಾಗಿ ಹೋದರು. ಜೂನ್, ಜುಲೈ, ಆಗಸ್ಟ್, ಯಾರೂ ಬರಲಿಲ್ಲ. ಅತಿಥಿ ಶಿಕ್ಷಕಿ ಬಂದದ್ದು ಸೆಪ್ಟೆಂಬರಿನಲ್ಲಿ. ಪಾಪ, ಚಿಕ್ಕ ಹುಡುಗಿ, ತುಂಬಾ ಕಷ್ಟಪಟ್ಟರು. ಆದರೆ ಮೂರು ತಿಂಗಳು ಹೋಯಿತಲ್ಲ. ಅದರ ಮೇಲೆ ಜುಲೈಯಲ್ಲಿ ಡೀಸಿಯವರು ಕೊಟ್ಟ ಮಳೆ ರಜೆಗಳು. ಮಳೆ ರಜೆ ಎರಡೂ ಶಾಲೆಗೆ ಒಂದೇ, ಆದರೆ ಪ್ರೈವೇಟಿನವರು ಶನಿವಾರ ಮಧ್ಯಾಹ್ನ ಕ್ಲಾಸು ಇಟ್ಟು ಪಾಠ ಮುಗಿಸುತ್ತಿದ್ದರು. ಇಲ್ಲಿ ಟೀಚರೇ ಇಲ್ಲದ ವಿಷಯಕ್ಕೆ ಶನಿವಾರ ಇಟ್ಟು ಎಂತ ಮಾಡುವುದು? ಮನೆಯಲ್ಲಿ ಅಕ್ಕನೇ ತಮ್ಮನಿಗೆ ಗ್ರಾಮರ್ ಹೇಳಿಕೊಟ್ಟಳು. ಅಕ್ಕ ಇಲ್ಲದ ಮಕ್ಕಳು ಏನು ಮಾಡಬೇಕು ಎಂದು ಪೋಷಕರೂ ಇರುವ ಶಾಲಾ ಸಮಿತಿಯ, ಅಂದರೆ ಎಸ್‌ಡಿಎಂಸಿ ಮೀಟಿಂಗಿನಲ್ಲಿ ಕೇಳಿದೆ. ಇಲಾಖೆಗೆ ಬರೆದಿದ್ದೇವೆ ಎಂದರು. ಬರೆದದ್ದು ನಿಜ, ಪ್ರತಿಯನ್ನೂ ತೋರಿಸಿದರು. ಹುದ್ದೆ ಮಾತ್ರ ತುಂಬಲಿಲ್ಲ.

ಶೌಚಾಲಯದ ವಿಷಯದಲ್ಲೂ ಪ್ರೈವೇಟೇ ಮೇಲು. ನಮ್ಮಲ್ಲಿ ಪಂಪು ಕೆಟ್ಟು ಹದಿನೈದು ದಿನ ಹುಡುಗಿಯರು ಕಷ್ಟಪಟ್ಟರು. ಕೊನೆಗೆ ಹಳೆ ವಿದ್ಯಾರ್ಥಿ ಸಂಘದವರು ಹೊಸ ಪಂಪು ಹಾಕಿಸಿದರು. ಮುಂಬೈಯಲ್ಲಿ ಹೋಟೆಲ್ ಇಟ್ಟವರು ಊರಿನ ಶಾಲೆಗೆ ಹಣ ಕಳಿಸುವುದು ನಮ್ಮ ಕಡೆ ಹೊಸತಲ್ಲ. ಒಳ್ಳೆಯದೇ. ಆದರೆ ಹೆಣ್ಣುಮಕ್ಕಳ ಶೌಚಾಲಯದ ನೀರು ದಾನಿಗಳನ್ನು ಕಾಯಬಾರದು.

ಖರ್ಚಿನ ಮಾತು ಬೇಗ ಮುಗಿಯುತ್ತದೆ. ಮಗಳಿಗೆ ವರ್ಷಕ್ಕೆ 48,000 ಫೀಸು, ವ್ಯಾನಿಗೆ ತಿಂಗಳಿಗೆ 1,200, ಪುಸ್ತಕ ಯೂನಿಫಾರ್ಮ್ ಬೇರೆ. ಮಗನಿಗೆ ಪಠ್ಯಪುಸ್ತಕ ಉಚಿತ, ಮಧ್ಯಾಹ್ನ ಬಿಸಿ ಬಿಸಿ ಊಟ, ಮೊಟ್ಟೆ ಬೇಡ ಎಂದವರಿಗೆ ಬಾಳೆಹಣ್ಣು. ಹೆಚ್ಚಿನವರಿಗೆ ಗೊತ್ತಿಲ್ಲದ ಒಂದು ವಿಷಯ ಹೇಳುತ್ತೇನೆ. ಎಂಟನೇ ಕ್ಲಾಸಿನಲ್ಲಿ ಎನ್‌ಎಂಎಂಎಸ್ ಅಂತ ವಿದ್ಯಾರ್ಥಿವೇತನದ ಪರೀಕ್ಷೆ ಇದೆ. ಪಾಸಾಗಿ ಆಯ್ಕೆಯಾದರೆ ಒಂಬತ್ತರಿಂದ ಪಿಯುಸಿ ಮುಗಿಯುವವರೆಗೆ ವರ್ಷಕ್ಕೆ 12,000 ರೂಪಾಯಿ. ಮನೆಯ ಆದಾಯಕ್ಕೆ ಮಿತಿ ಇದೆ. ಸರ್ಕಾರಿ ಮತ್ತು ಅನುದಾನಿತ ಶಾಲೆಯ ಮಕ್ಕಳು ಬರೆಯಬಹುದು, ಮಗಳ ಶಾಲೆಯಂಥ ಕಡೆಯವರಿಗೆ ಅವಕಾಶ ಇಲ್ಲ. ನಮ್ಮ ಮಾಷ್ಟ್ರು ಬೆಲ್ಲಿಗೆ ಮುಕ್ಕಾಲು ಗಂಟೆ ಮೊದಲೇ ಬಂದು ತಯಾರಿ ಮಾಡಿಸುತ್ತಿದ್ದರು. ಮಗನಿಗೆ ಸಿಗಲಿಲ್ಲ. ಅವನ ಕ್ಲಾಸಿನ ಇಬ್ಬರಿಗೆ ಸಿಕ್ಕಿತು, ಒಬ್ಬಳ ತಾಯಿ ಬೀಡಿ ಕಟ್ಟುವವರು.

ಇನ್ನು ರಿಸಲ್ಟ್. ಅಂಗಡಿಗಳಲ್ಲಿ ಜಾಸ್ತಿ ಜಗಳ ಆಗುವುದು ಇದರ ಮೇಲೆಯೇ. ಉಡುಪಿ, ದಕ್ಷಿಣ ಕನ್ನಡ ಅಂದರೆ ಎಸ್ಸೆಸ್ಸೆಲ್ಸಿಯಲ್ಲಿ ಮೇಲಿನ ಸ್ಥಾನ ಎಂದು ನಮಗೆಲ್ಲ ಅಭ್ಯಾಸವಾಗಿದೆ. 2024ರಲ್ಲಿ ಉಡುಪಿ ಶೇ. 94 ಪಡೆದು ಮೊದಲು. 2025ರಲ್ಲಿ ದಕ್ಷಿಣ ಕನ್ನಡ ಶೇ. 91.12, ಉಡುಪಿ ಶೇ. 89.96. ಪ್ರೈವೇಟಿನವರು ಗೇಟಿಗೆ ಶೇ. 100 ಎಂದು ಬ್ಯಾನರ್ ಕಟ್ಟುತ್ತಾರೆ. ಮಗನ ಶಾಲೆಯಲ್ಲಿ ಪರೀಕ್ಷೆ ಬರೆದವರು 22, ಪಾಸಾದವರು 20. ಶೇಕಡಾ ಲೆಕ್ಕದಲ್ಲಿ 91 ಬರಲಿಲ್ಲ ಎಂದು ಬೇಕರಿಯವರು ಹೇಳಿದರು. ಇಬ್ಬರು ಮಕ್ಕಳು ಅಷ್ಟೇ ಅಲ್ವಾ?

ಆ ನೂರು ಹೇಗೆ ಬರುತ್ತದೆ ಎಂಬುದನ್ನೂ ನೋಡಿದ್ದೇನೆ. ಮಗಳ ಗೆಳತಿಯೊಬ್ಬಳು ಒಂಬತ್ತನೇಯಲ್ಲಿ ಗಣಿತದಲ್ಲಿ ಹಿಂದೆ ಇದ್ದಳು. ತಂದೆ ತಾಯಿಯನ್ನು ಕರೆಸಿ, ಟಿಸಿ ತೆಗೆದುಕೊಳ್ಳುವುದು ಒಳ್ಳೆಯದು ಎಂದು ಮೆತ್ತಗೆ ಹೇಳಿದರು. ಮೂರು ವರ್ಷ ಫೀಸು ಕಟ್ಟಬೇಕೆಂದು ಸಾಲ ಮಾಡಿದ ಮನೆ ಅದು. ಆ ಮಗು ಮರುದಿನ ನಮ್ಮ ಮನೆಗೆ ಬಂದು ಮಗಳ ಪಕ್ಕ ಸುಮ್ನೆ ಕೂತಿತ್ತು, ಒಂದು ಮಾತಿಲ್ಲ. ಅಂಥ ಮಕ್ಕಳು ಹೋಗುವುದು ಎಲ್ಲಿಗೆ? ಸರ್ಕಾರಿ ಹೈಸ್ಕೂಲಿಗೆ. ಮಗನ ಕ್ಲಾಸಿಗೂ ಹತ್ತನೇಯಲ್ಲಿ ಮೂವರು ಹಾಗೆ ಟಿಸಿ ಹಿಡಿದು ಬಂದರು. ಅವರಲ್ಲಿ ಇಬ್ಬರು ಪಾಸಾದರು. ನನ್ನ ಪ್ರಕಾರ ಆ ಇಬ್ಬರ ಪಾಸು ಬ್ಯಾನರಿನ ನೂರಕ್ಕಿಂತ ದೊಡ್ಡದು.

ನನ್ನ ಮಕ್ಕಳ ಅಂಕ ಕೇಳುವವರಿಗೆ: ಮಗಳಿಗೆ 625ಕ್ಕೆ 581. ಮಗನಿಗೆ 517. ಕನ್ನಡದಲ್ಲಿ 125ಕ್ಕೆ 121, ಗಣಿತದಲ್ಲಿ 91, ಇಂಗ್ಲಿಷಿನಲ್ಲಿ 71. ಆ ಮೂರು ತಿಂಗಳು ಎಲ್ಲಿ ಹೋಯಿತೆಂದು ಅಂಕಪಟ್ಟಿಯೇ ಹೇಳುತ್ತದೆ. ಪಿಯುಸಿ ಸೈನ್ಸಿಗೆ ಸೇರಿದ ಮೇಲೆ ಮೊದಲ ಎರಡು ತಿಂಗಳು ಇಂಗ್ಲಿಷ್ ಪಾಠ ಅರ್ಥವಾಗದೆ ಅವನು ರಾತ್ರಿ ಕೂತು ಡಿಕ್ಷನರಿ ನೋಡುತ್ತಿದ್ದ. ನೋಡಿ ಸಂಕಟವಾಗುತ್ತಿತ್ತು. ಅದೇ ಹುಡುಗ ಕಾಲೇಜಿನಲ್ಲಿ ಮೊದಲ ವಾರವೇ ಎದ್ದು ನಿಂತು ಪ್ರಶ್ನೆ ಕೇಳಿದನಂತೆ. ಆ ಧೈರ್ಯ ಯಕ್ಷಗಾನದಿಂದ ಬಂದದ್ದು. ಉಡುಪಿಯ ಯಕ್ಷಶಿಕ್ಷಣ ಟ್ರಸ್ಟ್‌ನವರು ಹೈಸ್ಕೂಲುಗಳಿಗೆ ಗುರುಗಳನ್ನು ಕಳಿಸಿ ಮಕ್ಕಳಿಗೆ ಕಲಿಸುತ್ತಾರೆ. ಮೊದಲ ವರ್ಷ ಮಗನಿಗೆ ತಾಳ ತಪ್ಪದೆ ಹೆಜ್ಜೆ ಹಾಕುವುದೇ ಕಷ್ಟವಾಗಿತ್ತು. ಎರಡನೇ ವರ್ಷ ಗೆಜ್ಜೆ ಕಟ್ಟಿ, ಸಾವಿರ ಜನರ ಎದುರು ತಡವರಿಸದೆ ಮಾತನಾಡಿದ.

ಮಗಳನ್ನು ಪ್ರೈವೇಟಿಗೆ ಹಾಕಿದ್ದಕ್ಕೆ ನನಗೆ ಬೇಸರವಿಲ್ಲ. ಅವಳು ನಿಯಮ, ಟೆಸ್ಟು, ಟೈಮ್‌ಟೇಬಲ್ ಇಷ್ಟಪಡುವ ಮಗು. ಮಗನನ್ನು ಅಲ್ಲಿ ಹಾಕಿದ್ದರೆ ಅವನಿಗೂ ಒಂಬತ್ತನೇಯಲ್ಲಿ ಟಿಸಿ ಮಾತು ಬರುತ್ತಿತ್ತೋ ಏನೋ. ಇನ್ನೊಂದು ಮಗು ಇದ್ದು ಇವತ್ತು ಸೇರಿಸಬೇಕಾಗಿದ್ದರೆ, ಮೊದಲು ಸರ್ಕಾರಿ ಹೈಸ್ಕೂಲಿಗೇ ಹೋಗುತ್ತಿದ್ದೆ. ಹೋಗಿ ಕೇಳುವುದು ರಿಸಲ್ಟ್ ಅಲ್ಲ. ಗಣಿತ, ವಿಜ್ಞಾನ, ಇಂಗ್ಲಿಷ್ ಮೂರಕ್ಕೂ ಕಾಯಂ ಟೀಚರ್ ಇದ್ದಾರಾ? ಈ ವರ್ಷ ಯಾರಿಗಾದರೂ ವರ್ಗ ಆಗುವ ಹಾಗಿದೆಯಾ? ಆಮೇಲೆ ಹುಡುಗಿಯರ ಶೌಚಾಲಯದ ನಲ್ಲಿ ತಿರುಗಿಸಿ ನೋಡುತ್ತಿದ್ದೆ.

ಬೇಕರಿಯವರ ಸಣ್ಣ ಮಗಳು ಈ ಸಲ ಎಂಟನೇಗೆ. ನಾನು ಹೇಳಿ ಹೇಳಿ ಅವರ ಹೆಂಡತಿ ಮೊನ್ನೆ ಶಾಲೆಗೆ ಹೋಗಿ ಬಂದರು. ಗಣಿತದ ಅದೇ ಮಾಷ್ಟ್ರು ಇದ್ದಾರೆ, ವಿಜ್ಞಾನಕ್ಕೂ ಇದ್ದಾರೆ, ನಲ್ಲಿಯಲ್ಲಿ ನೀರು ಬರುತ್ತದೆ. ಇಂಗ್ಲಿಷ್ ಹುದ್ದೆ ಇನ್ನೂ ಖಾಲಿ. ಅವರು ಎರಡೂ ಶಾಲೆಯ ಅರ್ಜಿ ತಂದು ಕ್ಯಾಷ್ ಡಬ್ಬಿಯ ಕೆಳಗೆ ಇಟ್ಟಿದ್ದಾರೆ. ನಿನ್ನೆ ಪಿಗ್ಮಿಗೆ ಹೋದಾಗ ಕೇಳಿದರು, "ನಿಮ್ಮ ಮಗಳು ಸಂಜೆ ಒಂದು ಗಂಟೆ ನಮ್ಮವಳಿಗೆ ಇಂಗ್ಲಿಷ್ ಹೇಳಿಕೊಡಬಹುದಾ ಅಕ್ಕ?"

ಆಗಬಹುದು ಎಂದೆ.