ಅಕೌಂಟ್ಸ್ ಕೆಲಸ ಹುಡುಕುವ ದಾರಿಗಳು: ನೌಕ್ರಿ, ಲಿಂಕ್ಡ್‌ಇನ್, ಕನ್ಸಲ್ಟೆನ್ಸಿ, ಪೀಣ್ಯದ ಗೇಟು, ಪರಿಚಯದವರು

ಬಿ.ಕಾಂ. ಮುಗಿಸಿ ದಾವಣಗೆರೆಯ ಆಡಿಟರ್ ಆಫೀಸೊಂದರಲ್ಲಿ ಕೆಲಸ ಕಲಿತು, ಆಮೇಲೆ ಬೆಂಗಳೂರಿಗೆ ಬಂದು ಫ್ಯಾಕ್ಟರಿಯ ಅಕೌಂಟ್ಸ್‌ನಲ್ಲಿ ಸೇರಿಕೊಂಡವಳು ನಾನು. ಈ ನಡುವೆ ಕೆಲಸ ಹುಡುಕುವ ದಾರಿಗಳನ್ನೆಲ್ಲ ಒಟ್ಟಿಗೇ ಬಳಸಿ ನೋಡಿದ್ದೇನೆ. ಊರಿನ ಜೂನಿಯರ್‌ಗಳು ಫೋನ್ ಮಾಡಿದಾಗ ಮೊದಲು ಕೇಳುವುದು ಒಂದೇ: "ಅಕ್ಕ, ಯಾವುದ್ರಲ್ಲಿ ಹಾಕಿದ್ರೆ ಬೇಗ ಕಾಲ್ ಬರುತ್ತೆ?" ಬೇಗ ಕಾಲ್ ಬರುವುದು ಮುಖ್ಯವೇ. ಮನೆಯ ಖರ್ಚು ಕಾಯುವುದಿಲ್ಲ. ಆದರೆ ನಾನು ಇಲ್ಲಿ ಹೋಲಿಸುವಾಗ ಇನ್ನೊಂದು ಪ್ರಶ್ನೆಯನ್ನೂ ಇಟ್ಟುಕೊಂಡಿದ್ದೇನೆ. ಸೇರುವ ಮೊದಲೇ ಆ ಕೆಲಸದ ದಿನ ಹೇಗಿರುತ್ತದೆ ಅಂತ ಈ ದಾರಿ ನನಗೆ ಎಷ್ಟು ತೋರಿಸಿತು?

ಯಾಕೆ ಈ ಪ್ರಶ್ನೆ ಅಂದರೆ, ಅಕೌಂಟ್ಸ್ ಅನ್ನುವ ಒಂದೇ ಹೆಸರಿನಲ್ಲಿ ಬೇರೆ ಬೇರೆ ಕೆಲಸಗಳಿವೆ. ಆಡಿಟರ್ ಆಫೀಸಿನಲ್ಲಿ ನಾನು ತುಂಬ ಕಲಿತೆ. ರೈಸ್ ಮಿಲ್‌ನವರು, ಬಟ್ಟೆ ಅಂಗಡಿಯವರು ಕವರಿನಲ್ಲಿ ಬಿಲ್ಲು ತುಂಬಿಕೊಂಡು ಬರುತ್ತಿದ್ದರು. 7ನೇ ತಾರೀಖಿನೊಳಗೆ ಟಿಡಿಎಸ್, ಅಂದರೆ ದುಡ್ಡು ಕೊಡುವಾಗಲೇ ಹಿಡಿದುಕೊಂಡ ತೆರಿಗೆ, ಕಟ್ಟಬೇಕು. ತಿಂಗಳ ರಿಟರ್ನ್ ಇರುವ ಪಾರ್ಟಿಗಳಿಗೆ 11ಕ್ಕೆ ಮಾರಾಟದ ವಿವರ ಕೊಡುವ ಜಿಎಸ್‌ಟಿಆರ್-1, 20ಕ್ಕೆ ತೆರಿಗೆ ಲೆಕ್ಕ ಹಾಕಿ ಕಟ್ಟುವ 3ಬಿ. ಕೆಲಸದ ಮೇಲೆ ಬೇಜಾರಿರಲಿಲ್ಲ. ಆದರೆ ಬಿಲ್ಲಿನ ಹಿಂದಿನ ಸಾಮಾನು, ಲಾರಿ, ಅದನ್ನು ಇಳಿಸಿಕೊಂಡ ಜನ ಇದ್ಯಾವುದೂ ನನಗೆ ಕಾಣುತ್ತಿರಲಿಲ್ಲ. ಸಾಮಾನು ಬರುವ ಜಾಗದಲ್ಲೇ ಕೂತು ಲೆಕ್ಕ ಬರೆಯಬೇಕು ಅನ್ನುವ ಆಸೆ ಬಂತು. ಹಾಗಾಗಿ ಬೆಂಗಳೂರು, ಹಾಗಾಗಿ ಫ್ಯಾಕ್ಟರಿ.

ನೌಕ್ರಿ

ಕೆಲಸ ಹುಡುಕಲು 1997ರಿಂದ ಇರುವ ಸೈಟು. ನಮ್ಮ ಕ್ಷೇತ್ರದ ಎಚ್‌ಆರ್‌ಗಳಲ್ಲಿ ಬಹಳಷ್ಟು ಜನ ಮೊದಲು ಹುಡುಕುವುದು ಇಲ್ಲೇ. ಕಾಲ್ ಬರುವ ವೇಗದಲ್ಲಿ ನನಗೆ ಇದೇ ಮುಂದೆ ಬಂತು. ಇಲ್ಲಿ ನೀವು ಅರ್ಜಿ ಹಾಕುವುದಕ್ಕಿಂತ ಅವರೇ ನಿಮ್ಮನ್ನು ಹುಡುಕುವುದು ಜಾಸ್ತಿ. ಹುಡುಕುವುದು ಪದ ಹಾಕಿ. ಹಾಗಾಗಿ ಹೆಡ್‌ಲೈನಿನಲ್ಲಿ "ಕಷ್ಟಪಟ್ಟು ದುಡಿಯುವವಳು" ಅಂತ ಬರೆದರೆ ಉಪಯೋಗವಿಲ್ಲ. ಟ್ಯಾಲಿ ಪ್ರೈಮ್ (ಲೆಕ್ಕ ಬರೆಯುವ ಸಾಫ್ಟ್‌ವೇರ್), ಜಿಎಸ್‌ಟಿ ರಿಟರ್ನ್, ಟಿಡಿಎಸ್, ಬ್ಯಾಂಕ್ ರೀಕನ್ಸಿಲಿಯೇಶನ್ (ಬ್ಯಾಂಕಿನ ಲೆಕ್ಕಕ್ಕೂ ನಮ್ಮ ಲೆಕ್ಕಕ್ಕೂ ತಾಳೆ ನೋಡುವುದು) ಅಂತ ನಿಜಕ್ಕೂ ಬರುವ ಕೆಲಸಗಳ ಹೆಸರು ಇರಬೇಕು. ಇತ್ತೀಚೆಗೆ ಚಟುವಟಿಕೆಯಿಂದಿರುವ ಪ್ರೊಫೈಲ್‌ಗಳನ್ನೇ ಬೇರೆ ಮಾಡಿ ನೋಡುವ ಸೌಲಭ್ಯ ಕಂಪನಿಗಳಿಗಿದೆ. ಅದಕ್ಕೇ ವಾರಕ್ಕೆ ಒಂದೆರಡು ಸಲವಾದರೂ ಒಳಗೆ ಹೋಗಿ ಏನಾದರೂ ತಿದ್ದುತ್ತಿರಬೇಕು.

ಆದರೆ ನನ್ನ ಎರಡನೇ ಪ್ರಶ್ನೆಗೆ ಇಲ್ಲಿ ಉತ್ತರ ಕಡಿಮೆ. ಜಾಹೀರಾತುಗಳಲ್ಲಿ ಇರುವುದು ಹೆಚ್ಚುಕಡಿಮೆ ಒಂದೇ ನಾಲ್ಕು ಸಾಲು: ಟ್ಯಾಲಿ ಬರಬೇಕು, ಜಿಎಸ್‌ಟಿ ಗೊತ್ತಿರಬೇಕು, ಒಳ್ಳೆಯ ಕಮ್ಯುನಿಕೇಶನ್, ಕೂಡಲೇ ಸೇರುವವರಿಗೆ ಆದ್ಯತೆ. ಅದು ಮೂರು ಜನರ ಟ್ರೇಡಿಂಗ್ ಆಫೀಸೋ, ಮುನ್ನೂರು ಜನರ ಫ್ಯಾಕ್ಟರಿಯೋ ಗೊತ್ತಾಗುವುದಿಲ್ಲ. ಅಕೌಂಟ್ಸ್ ಅಂತ ಕರೆದು ಇನ್ಶೂರೆನ್ಸ್ ಮಾರುವ ಕೆಲಸ ಹೇಳಿದ ಆಫೀಸೂ ಒಂದಿತ್ತು. ಫೋನಿನಲ್ಲೇ "ಟಾರ್ಗೆಟ್ ಇರುತ್ತಾ ಸರ್?" ಅಂತ ಕೇಳಿಬಿಡಿ. ಅರ್ಧ ದಿನ ಉಳಿಯುತ್ತದೆ.

ಲಿಂಕ್ಡ್‌ಇನ್

ಕಾಲ್ ಬರುವುದರಲ್ಲಿ ಇದು ನನಗೆ ಹಿಂದೆ. ಎರಡು ಬಟನ್ ಒತ್ತಿದರೆ ಅರ್ಜಿ ಹೋಗುವ ಕಡೆ ಎಲ್ಲರ ಅರ್ಜಿಯೂ ಹೋಗಿರುತ್ತದೆ. ಬೆಂಗಳೂರಿನ ಕೈಗಾರಿಕಾ ಪ್ರದೇಶವಾದ ಪೀಣ್ಯದ ಸಣ್ಣ ಫ್ಯಾಕ್ಟರಿಗಳಲ್ಲಿ ಎಷ್ಟೋ ಇಲ್ಲಿ ಇಲ್ಲವೇ ಇಲ್ಲ. ಹೊರವರ್ತುಲ ರಸ್ತೆಯ ದೊಡ್ಡ ವಿದೇಶಿ ಕಂಪನಿಗಳ ಅಕೌಂಟ್ಸ್ ಸೆಂಟರ್‌ಗಳು ಮಾತ್ರ ಚೆನ್ನಾಗಿ ಕಾಣುತ್ತವೆ.

ಆದರೂ ನಾನು ಇದನ್ನು ಬಿಡಲಿಲ್ಲ. ಕಾರಣ, ಇಲ್ಲಿ ಕಂಪನಿಯ ಜನ ಕಾಣುತ್ತಾರೆ. ಇಂಟರ್‌ವ್ಯೂಗೆ ಕರೆದ ಕಂಪನಿಯ ಹೆಸರು ಹಾಕಿ, ಅಲ್ಲಿ ಅಕೌಂಟ್ಸ್‌ನಲ್ಲಿ ಈಗ ಇರುವವರು, ಬಿಟ್ಟುಹೋದವರು ಎಷ್ಟೆಷ್ಟು ಕಾಲ ಇದ್ದರು ಅಂತ ನೋಡುತ್ತಿದ್ದೆ. ಒಬ್ಬರ ಹಿಂದೆ ಒಬ್ಬರು ಎಂಟು ತಿಂಗಳು, ಹತ್ತು ತಿಂಗಳಿಗೆ ಬಿಟ್ಟಿದ್ದರೆ ಅದಕ್ಕೊಂದು ಕಾರಣ ಇದ್ದೇ ಇರುತ್ತದೆ. ಇಂಟರ್‌ವ್ಯೂನಲ್ಲಿ ಕೇಳಬೇಕಾದ ಪ್ರಶ್ನೆ ಅಲ್ಲೇ ಸಿಕ್ಕಿತು. ಅರ್ಜಿ ಹಾಕುವುದಕ್ಕಿಂತ ವಿಚಾರಿಸುವುದಕ್ಕೆ ಇದು ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ.

ಕನ್ಸಲ್ಟೆನ್ಸಿ

ಇದು ಹೇಗೆ ನಡೆಯುತ್ತದೆ ಅಂತ ಮೊದಲು ತಿಳಿದುಕೊಳ್ಳಿ. ನಿಮ್ಮನ್ನು ಸೇರಿಸಿದ್ದಕ್ಕೆ ದುಡ್ಡು ಕೊಡಬೇಕಾದ್ದು ಕಂಪನಿ. ಸಾಮಾನ್ಯವಾಗಿ ನಡೆಯುವ ದರ ವರ್ಷದ ಸಂಬಳದ 8.33 ಶೇಕಡ, ಅಂದರೆ ಒಂದು ತಿಂಗಳ ಸಂಬಳ. ಹಾಗಾಗಿ ನಿಮ್ಮ ಹತ್ತಿರ ರಿಜಿಸ್ಟ್ರೇಶನ್, ಟ್ರೈನಿಂಗ್, ಲ್ಯಾಪ್‌ಟಾಪ್ ಡೆಪಾಸಿಟ್ ಅಂತ ಏನೇ ಹೆಸರಲ್ಲಿ ದುಡ್ಡು ಕೇಳಿದರೂ ಅಲ್ಲಿಂದ ಎದ್ದು ಬನ್ನಿ. ನನ್ನನ್ನು ಒಂದು ಕಡೆ ಕೇಳಿದರು, ನಾನು ಎದ್ದು ಬಂದೆ. ಆನ್‌ಲೈನಿನಲ್ಲಿ ದುಡ್ಡು ಹೋಗಿದ್ದರೆ ತಡ ಮಾಡದೆ 1930ಕ್ಕೆ ಫೋನ್ ಮಾಡಬೇಕು. ಅದು ಸೈಬರ್ ವಂಚನೆಗೆ ಇರುವ ಸಹಾಯವಾಣಿ.

ಒಳ್ಳೆಯ ಕನ್ಸಲ್ಟೆಂಟ್ ಸಿಕ್ಕರೆ ಮಾತ್ರ ಲಾಭವಿದೆ. ಕಂಪನಿಯ ಮ್ಯಾನೇಜರ್ ಹೇಗೆ, ಹಿಂದಿನವರು ಯಾಕೆ ಬಿಟ್ಟರು, ಸಂಬಳ ಎಲ್ಲಿಯವರೆಗೆ ಕೇಳಬಹುದು ಎಲ್ಲ ಅವರಿಗೆ ಗೊತ್ತಿರುತ್ತದೆ. ಕೇಳಿದರೆ ಹೇಳುತ್ತಾರೆ. ಕೇಳದಿದ್ದರೆ ಹೇಳುವುದಿಲ್ಲ.

ಪೀಣ್ಯದ ಗೇಟು

ಇದನ್ನು ಹೇಳಿದರೆ ಈಗಿನ ಹುಡುಗ ಹುಡುಗಿಯರು ನಂಬುವುದಿಲ್ಲ. ರೆಸ್ಯೂಮ್ ಹಿಡಿದು ಗೇಟಿಂದ ಗೇಟಿಗೆ ನಡೆಯುವುದಾ? ಹೌದು. ಹಸಿರು ಮಾರ್ಗದ ಮೆಟ್ರೋದಲ್ಲಿ ಪೀಣ್ಯ ಇಂಡಸ್ಟ್ರಿ ಸ್ಟೇಷನ್ನಿನಲ್ಲಿ ಇಳಿದರೆ ಸುತ್ತಲೂ ಫ್ಯಾಕ್ಟರಿಗಳೇ. ಪ್ರೆಸ್ ಪಾರ್ಟ್ಸ್, ಪ್ಲೇಟಿಂಗ್, ಸಿಎನ್‌ಸಿ ಮಶೀನಿಂಗ್, ರಬ್ಬರ್, ಗಾರ್ಮೆಂಟ್ಸ್. ಗೇಟಿಗೆ ತೂಗುಹಾಕಿದ ಬೋರ್ಡಿನಲ್ಲಿ "ಆಪರೇಟರ್, ಹೆಲ್ಪರ್, ಟೈಲರ್ ಬೇಕಾಗಿದ್ದಾರೆ" ಅಂತ ಇರುತ್ತದೆ. ಅಕೌಂಟ್ಸ್ ಅಂತ ಬೋರ್ಡಿನಲ್ಲಿ ಇರುವುದು ಅಪರೂಪ, ಕೇಳಲೇಬೇಕು.

ಯಾವಾಗ ಹೋಗಬೇಕು ಅನ್ನುವುದು ಅಕೌಂಟ್ಸ್‌ನವರಿಗೆ ಗೊತ್ತಿರುವ ವಿಷಯ. ತಿಂಗಳ 5ರಿಂದ 7ರವರೆಗೆ ಸಂಬಳ ಮತ್ತು ಟಿಡಿಎಸ್. 9ರಿಂದ 11 ಜಿಎಸ್‌ಟಿಆರ್-1. 14ಕ್ಕೆ 2ಬಿ, ಅಂದರೆ ನಮಗೆ ಮಾರಿದವರು ತೋರಿಸಿದ ಬಿಲ್ಲುಗಳ ಪಟ್ಟಿ, ಬರುತ್ತದೆ, ಅಲ್ಲಿಂದ 20ರವರೆಗೆ ಖರೀದಿ ತಾಳೆ ನೋಡುವ ಕೆಲಸ. 22ರ ನಂತರ ಮನುಷ್ಯರು ಮಾತಿಗೆ ಸಿಗುತ್ತಾರೆ. ಬೆಳಗ್ಗೆ ಹನ್ನೊಂದರ ಮೇಲೆ, ಊಟಕ್ಕೆ ಮುಂಚೆ ಹೋಗಬೇಕು. ಸೆಕ್ಯುರಿಟಿಯವರ ಹತ್ತಿರ "ಕೆಲಸ ಇದ್ಯಾ?" ಅಂದರೆ "ಇಲ್ಲ" ಅನ್ನುತ್ತಾರೆ. "ಅಣ್ಣ, ಅಕೌಂಟ್ಸ್ ಮೇಡಂನ ಎರಡು ನಿಮಿಷ ನೋಡ್ಬೇಕಿತ್ತು, ಆಡಿಟರ್ ಆಫೀಸಲ್ಲಿ ಕೆಲಸ ಮಾಡ್ದೋಳು" ಅಂದರೆ ಫೋನ್ ಎತ್ತಿ ಒಳಗೆ ಕೇಳುತ್ತಾರೆ.

ಹೆಚ್ಚಿನ ಕಡೆ ರೆಸ್ಯೂಮ್ ಗೇಟಿನಲ್ಲೇ ಉಳಿಯಿತು, ಮತ್ತೆ ಕರೆಯಲಿಲ್ಲ. ಬಿಸಿಲು, ಧೂಳು, ಕಾಲು ನೋವು ಎಲ್ಲ ಸೇರಿ ದಿನದ ಕೊನೆಗೆ ಸಾಕಾಗುತ್ತಿತ್ತು. ಆದರೆ ಬೇರೆ ಯಾವ ದಾರಿಯೂ ತೋರಿಸದ್ದು ಇಲ್ಲಿ ಕಂಡಿತು. ಸೆಕ್ಯುರಿಟಿ ರೂಮಿನಲ್ಲಿ ಕಾಯುವಾಗ ಇನ್‌ವರ್ಡ್ ರಿಜಿಸ್ಟರ್ ಕಣ್ಣ ಮುಂದೆಯೇ ಇರುತ್ತದೆ. ಯಾವ ಗಾಡಿ, ಯಾವ ಚಲನ್, ಎಷ್ಟು ಪೀಸು ಅಂತ ಅಲ್ಲಿ ಅಚ್ಚುಕಟ್ಟಾಗಿ ಬರೆದಿದ್ದರೆ ಒಳಗಿನ ಸ್ಟೋರ್ಸ್ ಲೆಕ್ಕ, ಆಮೇಲೆ ಖರೀದಿ ಎಂಟ್ರಿ ಎಲ್ಲ ಸಲೀಸು. ಅಲ್ಲೇ ಗೊಂದಲವಿದ್ದರೆ ತಿಂಗಳ ಕೊನೆಯಲ್ಲಿ ಅದನ್ನು ಬಿಡಿಸುವವರು ಅಕೌಂಟ್ಸ್‌ನವರೇ. ಒಳಗೆ ಬಿಟ್ಟ ಕಡೆ ಇನ್ನೂ ಚೆನ್ನಾಗಿ ಗೊತ್ತಾಗುತ್ತಿತ್ತು. ಅಕೌಂಟ್ಸ್ ರೂಮು ಶಾಪ್ ಫ್ಲೋರಿನ ಪಕ್ಕದಲ್ಲಿದೆಯಾ, ಸ್ಟೋರ್ಸ್‌ನವರು ಒಳಗೆ ಬಂದು ಮಾತಾಡುತ್ತಾರಾ, ಹೆಣ್ಣುಮಕ್ಕಳು ಎಷ್ಟು ಜನ ಇದ್ದಾರೆ, ಸಂಜೆ ಬಸ್ಸು ಇದೆಯಾ. ನನಗೆ ಬೇಕಾಗಿದ್ದ ಕೆಲಸ ಇದೇ ಅನ್ನುವುದು ಗಟ್ಟಿಯಾದದ್ದು ಆ ರೂಮುಗಳನ್ನು ನೋಡಿದ ಮೇಲೆ.

ಪರಿಚಯದವರು

ಕೊನೆಗೆ ಕೆಲಸ ಸಿಕ್ಕಿದ್ದು ಈ ದಾರಿಯಲ್ಲಿ. ಹತ್ತಿರದ ನೆಂಟರಿಂದ ಅಲ್ಲ. ನಮ್ಮ ಆಡಿಟರ್ ಆಫೀಸಿನ ಪಾರ್ಟಿಯೊಬ್ಬರ ಬೆಂಗಳೂರು ಆಫೀಸಿನಿಂದ ವರ್ಷಕ್ಕೊಂದೆರಡು ಸಲ ಲೆಕ್ಕ ನೋಡಲು ಬರುತ್ತಿದ್ದ ಹಿರಿಯ ಅಕೌಂಟೆಂಟ್ ಒಬ್ಬರಿದ್ದರು. ಮಾತು ಬರೀ ಲೆಡ್ಜರ್ ತಾಳೆಯ ವಿಷಯದ್ದು. ಅವರಿಗೆ ವಾಟ್ಸಾಪ್ ಮಾಡಿದೆ. "ಏನಮ್ಮ, ಬೆಂಗಳೂರಿಗೆ ಬಂದಿದ್ದೀಯಾ? ನಮ್ಮಲ್ಲಿ ಖಾಲಿ ಇಲ್ಲ, ಆದ್ರೆ ಪೀಣ್ಯ ಎರಡನೇ ಹಂತದಲ್ಲಿ ನಮ್ಮ ಹುಡುಗ ಒಬ್ಬ ಇದ್ದಾನೆ, ಕೇಳ್ತೀನಿ ಇರು" ಅಂದರು.

ಇದು ನನ್ನೊಬ್ಬಳ ಅದೃಷ್ಟ ಅಂತ ನಾನು ಭಾವಿಸುವುದಿಲ್ಲ. ಮಾರ್ಕ್ ಗ್ರಾನೊವೆಟರ್ ಅನ್ನುವ ಅಮೆರಿಕದ ಸಮಾಜಶಾಸ್ತ್ರಜ್ಞರು 1973ರಲ್ಲೇ ಇದನ್ನು ಬರೆದರು. ಹತ್ತಿರದವರಿಗೆ ಗೊತ್ತಿರುವುದು ಹೆಚ್ಚಾಗಿ ನಮಗೂ ಗೊತ್ತಿರುತ್ತದೆ, ಹೊಸ ಸುದ್ದಿ ಬರುವುದು ದೂರದ ಪರಿಚಯದವರಿಂದ. 2022ರಲ್ಲಿ ಲಿಂಕ್ಡ್‌ಇನ್ ಬಳಸುವ 2 ಕೋಟಿ ಜನರ ಮೇಲೆ ನಡೆದ ಅಧ್ಯಯನವೊಂದು ಪ್ರಕಟವಾಯಿತು. ತೀರಾ ಹತ್ತಿರದವರಿಗಿಂತ, ತೀರಾ ಅಪರಿಚಿತರಂಥವರಿಗಿಂತ, ನಡುವಿನ ಪರಿಚಯದವರಿಂದಲೇ ಕೆಲಸ ಬದಲಾಗುವುದು ಹೆಚ್ಚು ಅಂತ ಅದರಲ್ಲಿ ಕಂಡುಬಂತು.

ಕೇಳುವ ರೀತಿ ಮುಖ್ಯ. "ಎಲ್ಲಾದರೂ ಕೆಲಸ ಇದ್ರೆ ಹೇಳಿ ಸರ್" ಅಂದರೆ ಅವರಿಗೆ ಏನು ಮಾಡಬೇಕು ಅಂತ ತಿಳಿಯುವುದಿಲ್ಲ. ನಾನು ಬರೆದದ್ದು ಹೀಗೆ: "ಸರ್, ಜಿಎಸ್‌ಟಿ, ಟಿಡಿಎಸ್, ಟ್ಯಾಲಿ ಪೂರ್ತಿ ಮಾಡ್ತೀನಿ. ಫ್ಯಾಕ್ಟರಿ ಅಕೌಂಟ್ಸ್ ಕಲಿಬೇಕು ಅಂತಿದೆ. ಪೀಣ್ಯ, ದಾಸರಹಳ್ಳಿ ಕಡೆ ಯಾರಾದ್ರೂ ಗೊತ್ತಿದ್ರೆ ಹತ್ತು ನಿಮಿಷ ಮಾತಾಡೋಕೆ ಹೇಳ್ತೀರಾ?" ಏನು ಬರುತ್ತೆ, ಏನು ಬೇಕು, ಎಲ್ಲಿ ಬೇಕು. ಅದನ್ನು ಅವರು ಹಾಗೇ ಮುಂದಕ್ಕೆ ಕಳಿಸಬಹುದು.

ಆ ಹುಡುಗನ ಹತ್ತಿರ ಇಂಟರ್‌ವ್ಯೂಗೆ ಮುಂಚೆಯೇ ಮಾತಾಡಿದೆ. ಜಾಬ್ ವರ್ಕಿಗೆ, ಅಂದರೆ ಬೇರೆ ಫ್ಯಾಕ್ಟರಿಯಲ್ಲಿ ಕೆಲಸ ಮಾಡಿಸಿಕೊಂಡು ಬರಲು, ಹೊರಗೆ ಹೋದ ಸಾಮಾನು ವಾಪಸ್ ಬಂದಿದ್ದರ ಲೆಕ್ಕವೇ ಇಲ್ಲಿ ದೊಡ್ಡ ತಲೆನೋವು ಅಂದ. ಬ್ಯಾಂಕಿಗೆ ಪ್ರತಿ ತಿಂಗಳು ಸ್ಟಾಕ್ ಸ್ಟೇಟ್‌ಮೆಂಟ್ ಕೊಡಬೇಕು ಅಂದ. ಮಾಲೀಕರು ಕೋಪಿಷ್ಠರು, ಆದರೆ ಸಂಬಳ ತಡ ಮಾಡುವುದಿಲ್ಲ ಅಂದ. ಇಂಥ ಮಾತು ಯಾವ ಜಾಹೀರಾತಿನಲ್ಲೂ ಇರುವುದಿಲ್ಲ ಅಲ್ವಾ?

ಈ ದಾರಿಯ ಕೊರತೆಯನ್ನೂ ಹೇಳಬೇಕು. ಪರಿಚಯವೇ ಇಲ್ಲದ ಮನೆಯಿಂದ ಬಂದವರಿಗೆ ಇದು ಮೊದಲ ದಿನ ಸಿಗುವುದಿಲ್ಲ. ನನಗೆ ಆಡಿಟರ್ ಆಫೀಸು ಕೊಟ್ಟ ಪರಿಚಯಗಳಿದ್ದವು. ಈಗಷ್ಟೇ ಓದು ಮುಗಿಸಿದವರು ಊರಿನಲ್ಲೇ ಒಂದು ವರ್ಷ ಆಡಿಟರ್ ಹತ್ತಿರ ಕೆಲಸ ಮಾಡಿ ಅಂತ ನಾನು ಹೇಳುವುದು ಇದಕ್ಕೇ. ಸಂಬಳ ಕಡಿಮೆ ಇರುತ್ತದೆ, ಆದರೆ ಎಷ್ಟೋ ವ್ಯಾಪಾರಗಳ ಒಳಗು ಕಾಣುತ್ತದೆ, ಎಷ್ಟೋ ಜನ ಪರಿಚಯವಾಗುತ್ತಾರೆ.

ಇನ್ನೆರಡು ದಾರಿಗಳ ಬಗ್ಗೆ ಚಿಕ್ಕದಾಗಿ. ಉದ್ಯೋಗ ಮೇಳದಲ್ಲಿ ನಮ್ಮಂಥ ಬಿ.ಕಾಂ.ನವರಿಗೆ ಸೇಲ್ಸ್ ಮತ್ತು ಕಾಲ್ ಸೆಂಟರ್ ಕೆಲಸಗಳೇ ಜಾಸ್ತಿ ಸಿಕ್ಕವು. ಇಂಟರ್‌ವ್ಯೂ ಭಯ ಹೋಗಲು ಮಾತ್ರ ಒಳ್ಳೆಯ ಜಾಗ. ಸರ್ಕಾರಿ ಪರೀಕ್ಷೆಗೆ ಬೆಂಗಳೂರಿನ ವಿಜಯನಗರದಲ್ಲೋ ಧಾರವಾಡದ ಸಪ್ತಾಪುರದಲ್ಲೋ ಕೂತು ಓದುವುದು ಬೇರೆಯದೇ ಬದುಕು, ಅದನ್ನು ಇವುಗಳ ಜೊತೆ ಹೋಲಿಸಲು ಬರುವುದಿಲ್ಲ. ಅದಕ್ಕೆ ಹೋಗುವವರು ಮನೆಯಲ್ಲಿ ಕೂತು ಮೊದಲೇ ಒಂದು ಗಡುವು ಮಾತಾಡಿಕೊಳ್ಳಲಿ.

ಎರಡು ಆಫರ್

ಕೊನೆಗೆ ಕೈಯಲ್ಲಿ ಎರಡು ಇದ್ದವು. ಒಂದು ನೌಕ್ರಿಯಿಂದ ಬಂದ ದೊಡ್ಡ ಕಂಪನಿಯ ಸೆಂಟರ್. ದಿನವಿಡೀ ವಿದೇಶದ ಇನ್‌ವಾಯ್ಸ್ ಎಂಟ್ರಿ, ದಿನಕ್ಕೆ ಇಷ್ಟು ಅಂತ ಲೆಕ್ಕ. ಒಳ್ಳೆಯ ಸಂಬಳ, ಕ್ಯಾಬ್, ದೊಡ್ಡ ಕಂಪನಿಗಳು ಬಳಸುವ ಎಸ್‌ಎಪಿ ಸಾಫ್ಟ್‌ವೇರ್ ಕಲಿಯುವ ಅವಕಾಶ. ಇನ್ನೊಂದು ಪೀಣ್ಯದ್ದು. ಸಂಬಳ ಸ್ವಲ್ಪ ಕಡಿಮೆ, ಆದರೆ ಗೇಟಿನ ಎಂಟ್ರಿಯಿಂದ ಬ್ಯಾಲೆನ್ಸ್ ಶೀಟಿನವರೆಗೆ ಎಲ್ಲ ಕೈಯಾಡಿಸುವ ಕೆಲಸ.

ಹೋಲಿಸುವಾಗ ಸಿಟಿಸಿ, ಅಂದರೆ ಕಂಪನಿ ನಿಮಗಾಗಿ ಮಾಡುವ ಒಟ್ಟು ಖರ್ಚು, ನೋಡಬೇಡಿ, ಕೈಗೆ ಬರುವುದನ್ನು ಲೆಕ್ಕ ಹಾಕಿ. ವರ್ಷಕ್ಕೆ 3.6 ಲಕ್ಷ ಅಂದರೆ ತಿಂಗಳಿಗೆ 30,000 ಅಂದುಕೊಳ್ಳುತ್ತೇವೆ. ಬೇಸಿಕ್ 15,000 ಇದ್ದು, ಕಂಪನಿಯ ಪಾಲಿನ ಪಿಎಫ್ 1,800 ಮತ್ತು ಗ್ರಾಚ್ಯುಟಿ ಸುಮಾರು 720 ಸಿಟಿಸಿ ಒಳಗೇ ಸೇರಿದ್ದರೆ ಉಳಿಯುವುದು 27,480. ಅದರಲ್ಲಿ ನಮ್ಮ ಪಾಲಿನ ಪಿಎಫ್ 1,800, ವೃತ್ತಿ ತೆರಿಗೆ 200 ಹೋದರೆ ಕೈಗೆ ಸುಮಾರು 25,480. ಕಂಪನಿಯ ಪಿಎಫ್ ಸಿಟಿಸಿ ಒಳಗೋ ಹೊರಗೋ ಅಂತ ಕೇಳಿದ ಮೇಲೆ ಎರಡು ಆಫರ್‌ಗಳ ನಡುವಿನ ಅಂತರ ನಾನು ಅಂದುಕೊಂಡದ್ದಕ್ಕಿಂತ ಕಡಿಮೆಯಾಯಿತು. ಪೀಣ್ಯದ ಕೆಲಸಕ್ಕೆ ಹೂಂ ಅಂದೆ. ಸಂಸಾರದ ಸಾಲ ತೀರಿಸುವ ಜವಾಬ್ದಾರಿ ಇದ್ದ ನನ್ನ ರೂಮ್‌ಮೇಟ್ ಅದೇ ಥರದ ಇನ್ನೊಂದು ದೊಡ್ಡ ಸೆಂಟರ್ ಸೇರಿದಳು. ಅವಳ ಲೆಕ್ಕಕ್ಕೆ ಅದು ಸರಿಯಾಗಿತ್ತು.

ಯಾವ ದಾರಿಯಿಂದ ಹೋದರೂ ನಾನು ಇಂಟರ್‌ವ್ಯೂನಲ್ಲಿ ಕೇಳಿದ ಪ್ರಶ್ನೆಗಳು ಇವು, ನೀವೂ ಕೇಳಬಹುದು. ನನಗಿಂತ ಮುಂಚೆ ಈ ಕುರ್ಚಿಯಲ್ಲಿ ಇದ್ದವರು ಈಗ ಎಲ್ಲಿದ್ದಾರೆ? 11ಕ್ಕೆ ಮತ್ತು 20ಕ್ಕೆ ಮುಂಚಿನ ದಿನ ಎಷ್ಟು ಗಂಟೆಗೆ ಮನೆಗೆ ಹೋಗುತ್ತೀರಿ? ಆರು ತಿಂಗಳಾದ ಮೇಲೆ ನಾನು ಯಾವ ಕೆಲಸವನ್ನು ಒಬ್ಬಳೇ ಮಾಡಬೇಕು ಅಂತ ನೀವು ಬಯಸುತ್ತೀರಿ? ಕೊನೆಯದಕ್ಕೆ ಪೀಣ್ಯದ ಮ್ಯಾನೇಜರ್ ಹೇಳಿದ್ದು: "ಜಾಬ್ ವರ್ಕ್ ಲೆಕ್ಕ ಪೂರ್ತಿ ನಿಂದೇ ಆಗ್ಬೇಕು."