ಪ್ಲೈವುಡ್ ಸೀಳಲು ಮನೇಲಿ ಮಾಡಿದ ಗೈಡೋ, ಅಂಗಡಿ ಅಲ್ಯುಮಿನಿಯಂ ಪಟ್ಟಿಯೋ?

ಬೆಂಗಳೂರಿನ ಬಾಡಿಗೆ ಮನೆಯಲ್ಲಿ ಟೇಬಲ್ ಸಾ (ಮೇಜಿಗೆ ಕೂರಿಸಿದ ಗರಗಸ) ಇಡಲು ಜಾಗ ಎಲ್ಲಿಂದ ಬರಬೇಕು? ಟೆರೇಸಿನ ಮೇಲೆ 8x4 ಅಡಿ ಪ್ಲೈ ಹಾಸಿ, ಕೈಯಲ್ಲಿ ಹಿಡಿದು ಓಡಿಸುವ ಸರ್ಕ್ಯುಲರ್ ಸಾದಲ್ಲೇ ನೇರ ಸೀಳಬೇಕು. ಮೂರು ಥರ ಮಾಡಿ ನೋಡಿದ್ದೇನೆ.

ಬಡಗಿಗಳು ಮಾಡುವಂತೆ ಒಂದು ನೇರ ಪಟ್ಟಿಯನ್ನು ಪ್ಲೈ ಮೇಲೆ ಕ್ಲ್ಯಾಂಪ್ ಹಾಕಿ ಬಿಗಿದು, ಅದಕ್ಕೆ ಆನಿಸಿ ಮಷಿನ್ ಓಡಿಸುವುದು ಮೊದಲನೆಯದು. ಖರ್ಚಿಲ್ಲ. ಆದರೆ ಬ್ಲೇಡಿಗೂ ಮಷಿನ್ ತಳದ ಅಂಚಿಗೂ ಇರುವ ಅಂತರ ಪ್ರತಿ ಸಲ ಲೆಕ್ಕ ಹಾಕಬೇಕು. ಇಡೀ ವಾರ್ಡ್‌ರೋಬಿಗೆ ಕೊಯ್ಯುವಾಗ ತಲೆ ಕೆಡುತ್ತದೆ.

ಎರಡನೆಯದು ಮನೆಯ ಗೈಡು. 6 ಮಿ.ಮೀ. ಪ್ಲೈಯನ್ನು ತಳವಾಗಿಟ್ಟು, ಅದರ ಮೇಲೆ 12 ಮಿ.ಮೀ. ಪಟ್ಟಿಯೊಂದನ್ನು ಫೆವಿಕಾಲ್, ಸ್ಕ್ರೂ ಹಾಕಿ ಕೂರಿಸಬೇಕು. ಪಟ್ಟಿಯ ಫ್ಯಾಕ್ಟರಿ ಅಂಚು (ಕಾರ್ಖಾನೆಯಲ್ಲೇ ನೇರ ಕೊಯ್ದದ್ದು) ಮಷಿನ್ ಕಡೆಗಿರಲಿ. ತಳವನ್ನು ಬೇಕೆಂದೇ ಅಗಲ ಬಿಟ್ಟು, ಪಟ್ಟಿಗೆ ಆನಿಸಿ ಒಮ್ಮೆ ಮಷಿನ್ ಓಡಿಸಿದರೆ ಹೆಚ್ಚಿನದು ಉದುರಿಹೋಗುತ್ತದೆ. ಉಳಿದ ಅಂಚೇ ಬ್ಲೇಡ್ ಹಾಯುವ ಗೆರೆ. ಅದನ್ನು ಪೆನ್ಸಿಲ್ ಗುರುತಿನ ಮೇಲಿಟ್ಟು ಕೊಯ್ದರೆ ಮುಗಿಯಿತು, ಲೆಕ್ಕವಿಲ್ಲ. ಬ್ಲೇಡಿನ ಹಲ್ಲು ಕೆಳಗಿಂದ ಮೇಲಕ್ಕೆ ಕಡಿಯುವುದರಿಂದ ಚಕ್ಕೆ ಏಳುವುದು ಮೇಲ್ಮೈಯಲ್ಲಿ. ಗೈಡಿನ ಅಂಚು ಅಲ್ಲೇ ಒತ್ತಿ ಹಿಡಿದಿರುತ್ತದೆ. ಆಚೆ ಬದಿಯಲ್ಲಿ ಚಕ್ಕೆ ಎದ್ದೇ ಏಳುತ್ತದೆ. ಹಾಗಾಗಿ ನಮಗೆ ಬೇಕಾದ ತುಂಡಿನ ಮೇಲೇ ಗೈಡ್ ಇಡಬೇಕು.

ಇದರ ತೊಂದರೆ, ಒಂದು ಗೈಡು ಒಂದು ಮಷಿನ್ನಿಗೆ, ಒಂದು ಬ್ಲೇಡಿಗೆ ಮಾತ್ರ. ಬೇರೆ ದಪ್ಪದ ಬ್ಲೇಡ್ ಹಾಕಿದರೆ ಅಂಚು ಗೆರೆಗೆ ಕೂರುವುದಿಲ್ಲ. ತಳದ 6 ಮಿ.ಮೀ. ಕೊಯ್ಯುವ ಆಳದಲ್ಲೂ ಕಳೆದುಹೋಗುತ್ತದೆ. ಆದರೂ ನಮ್ಮವರು ಪ್ಲೈಗೆ ಬಳಸುವ 4 ಇಂಚಿನ ಮಾರ್ಬಲ್ ಕಟರ್ ಕೂಡ 18 ಮಿ.ಮೀ. ಹಲಗೆಯನ್ನು ಆರಾಮವಾಗಿ ದಾಟುತ್ತದೆ.

ಮೂರನೆಯದು ಅಂಗಡಿಯ ಅಲ್ಯುಮಿನಿಯಂ ಪಟ್ಟಿ. ಅದರ ನಿಜವಾದ ಗುಣ ಪಟ್ಟಿಯ ಮೇಲೆ ಜಾರುವ ಗಾಡಿ. ಮಷಿನ್ ಅದರ ಮೇಲೇರಿ ಕೂತು ಸಾಗುತ್ತದೆ, ಕೈ ಆಚೀಚೆ ಹೋದರೂ ಗೆರೆ ತಪ್ಪುವುದಿಲ್ಲ. ಮಳೆಗಾಲದಲ್ಲಿ ಬಾಗುವ ಭಯವೂ ಇಲ್ಲ. ಆದರೆ 8 ಅಡಿಗೆ ಸಾಮಾನ್ಯವಾಗಿ ಎರಡು ತುಂಡು ಜೋಡಿಸಬೇಕು, ಪ್ರತಿ ಸಲ ಜೋಡಣೆ ನೇರವಿದೆಯೇ ಎಂದು ನೋಡಬೇಕು. ಮೇಲಾಗಿ ದುಡ್ಡು! ಪ್ಲೈ ಸೀಳಲು ಈಗಲೂ ನಾನು ಎತ್ತಿಕೊಳ್ಳುವುದು ಮನೆಯ ಗೈಡನ್ನೇ.

ಶೆಲ್ಫ್ ಗೂಟಗಳಿಗೆ 32 ಮಿ.ಮೀ. ಅಂತರದಲ್ಲಿ 5 ಮಿ.ಮೀ. ತೂತು ಕೊರೆಯುವ ಮಾತು ಬೇರೆ. ಅಲ್ಲಿ ಮನೇಲಿ ಪ್ಲೈಯಿಂದ ಮಾಡಿದ ಜಿಗ್ಗಿನ (ತೂತಿನ ಜಾಗ ತೋರಿಸುವ ಅಚ್ಚು) ತೂತನ್ನೇ ಡ್ರಿಲ್ ಬಿಟ್ ತಿಂದು ಅಗಲಿಸುತ್ತದೆ, ಸಾಲು ಓರೆಯಾಗುತ್ತದೆ. ತೂತುಗಳಿಗೆ ಉಕ್ಕಿನ ಬುಷ್ (ಕೊಳವೆ) ಇರುವ ಅಂಗಡಿ ಜಿಗ್ಗನ್ನೇ ಕೊಳ್ಳಿ.