ಒಂದು ಪೀನ ಮಸೂರ, ನಾಲ್ಕು ತಂತ್ರಾಂಶ

ಹತ್ತನೆಯ ತರಗತಿಯ ಬೆಳಕಿನ ಪಾಠದಲ್ಲಿ ಪೀನ ಮಸೂರಕ್ಕೆ ಆರು ಕಿರಣ ಚಿತ್ರಗಳಿವೆ. ಇಷ್ಟು ವರ್ಷ ಆರನ್ನೂ ಹಲಗೆಯ ಮೇಲೆ ಬಿಡಿಸುತ್ತಿದ್ದೆ. ಮಕ್ಕಳು ಆರನ್ನೂ ಬಾಯಿಪಾಠ ಮಾಡಿ, ಪರೀಕ್ಷೆಯಲ್ಲಿ ಮೂರನೆಯದರ ಉತ್ತರವನ್ನು ನಾಲ್ಕನೆಯದಕ್ಕೆ ಬರೆದು ಬರುತ್ತಿದ್ದರು. ಅವು ಆರು ಚಿತ್ರಗಳಲ್ಲ, ವಸ್ತು ಮಸೂರದತ್ತ ನಡೆದುಬರುವ ಒಂದೇ ದಾರಿ ಎಂದು ತೋರಿಸಬೇಕಿತ್ತು. ಈ ವರ್ಷ ಅದೇ ಪಾಠವನ್ನು ನಾಲ್ಕು ತಂತ್ರಾಂಶಗಳಲ್ಲಿ ಮಾಡಿ ನೋಡಿದೆ. ನಮ್ಮಲ್ಲಿರುವುದು ಒಂದು ಪ್ರೊಜೆಕ್ಟರ್, ಮೂರು ಲ್ಯಾಪ್‌ಟಾಪ್, ಮನಸ್ಸು ಬಂದಾಗ ಬರುವ ಇಂಟರ್‌ನೆಟ್.

ಪ್ರಯೋಗಗಳನ್ನು ಪರದೆಯ ಮೇಲೆ ಆಡಿಸಿ ನೋಡುವ ಫೆಟ್ ಸಿದ್ಧ ಅಡುಗೆ. ಭೌತವಿಜ್ಞಾನಿ ಕಾರ್ಲ್ ವೀಮನ್ ನೊಬೆಲ್ ಪಡೆದ ಮರುವರ್ಷ, 2002ರಲ್ಲಿ, ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ಶುರುಮಾಡಿದ ಯೋಜನೆ ಇದು. ಒಮ್ಮೆ ಇಳಿಸಿಕೊಂಡರೆ ಇಂಟರ್‌ನೆಟ್ಟಿನ ಹಂಗಿಲ್ಲ. ಪೆನ್ಸಿಲನ್ನು ಎಳೆದರೆ ಬಿಂಬವೂ ಜೊತೆಗೇ ಸರಿಯುತ್ತದೆ. ಮಕ್ಕಳು ಬೆರಗಾಗಿ ನೋಡಿದರು, ಐದು ನಿಮಿಷದಲ್ಲಿ ಬೆರಗು ಮುಗಿಯಿತು. ಉತ್ತರ ಪರದೆಯ ಮೇಲೆ ಆಗಲೇ ಇರುವಾಗ ಊಹಿಸುವ ಗೋಜಿಗೆ ಯಾರು ಹೋಗುತ್ತಾರೆ? ಆದರೆ ವಿದ್ಯುತ್ ಮಂಡಲದ ಪಾಠಕ್ಕೆ ಇದನ್ನು ಮೀರಿಸುವುದು ನನಗೆ ಸಿಕ್ಕಿಲ್ಲ. ತಂತಿಯನ್ನು ತಪ್ಪಾಗಿ ಜೋಡಿಸಿದರೆ ಬ್ಯಾಟರಿಗೆ ಬೆಂಕಿ ಹತ್ತಿಕೊಳ್ಳುತ್ತದೆ. ಹ್ರಸ್ವಮಂಡಲ (ಶಾರ್ಟ್ ಸರ್ಕ್ಯೂಟ್) ಎಂಬ ಪದವನ್ನು ಆಮೇಲೆ ಯಾರಿಗೂ ನೆನಪಿಸಬೇಕಾಗುವುದಿಲ್ಲ.

ತುಣುಕುಗಳನ್ನು ಜೋಡಿಸಿ ಪ್ರೋಗ್ರಾಂ ಬರೆಯುವ ಸ್ಕ್ರ್ಯಾಚ್‌ನಲ್ಲಿ ಕಿರಣಗಳನ್ನು ಎಳೆಯಲು ಹೋಗಿ ಒಂದು ಭಾನುವಾರ ಕಳೆದುಕೊಂಡೆ. ಅದು ಮಕ್ಕಳ ಕೈಗೆ ಕೊಡಬೇಕಾದದ್ದು. ಎಂಟನೆಯವರು ಅದರಲ್ಲಿ ಜಲಚಕ್ರ ಮಾಡಿದರು. ಮೋಡ ಮೇಲಕ್ಕೆ ಮಳೆ ಸುರಿಸಿತು, ಅದನ್ನು ತಿದ್ದುವಷ್ಟರಲ್ಲಿ ಪಾಠ ಅವರಿಗೆ ಬಂದಿತ್ತು.

ಪರದೆಯ ಮೇಲಿನ ಚಟುವಟಿಕೆಗಳನ್ನು ಮಾಡಲು ಇರುವ ಎಚ್5ಪಿ ಪ್ರಶ್ನೆ ಕೇಳುವುದರಲ್ಲಿ ಗಟ್ಟಿಗ. ಲುಮಿ ಎಂಬ ಉಚಿತ ತಂತ್ರಾಂಶದಲ್ಲಿ ಚಟುವಟಿಕೆ ಮಾಡಿ ಒಂದೇ ಎಚ್‌ಟಿಎಂಎಲ್ ಕಡತವಾಗಿ ಪೆನ್‌ಡ್ರೈವಿಗೆ ಹಾಕಿಕೊಳ್ಳಬಹುದು. ಸುಲಭ ಎಂದುಕೊಂಡು ಬಿಟ್ಟಸ್ಥಳ ತುಂಬುವ ಹತ್ತು ಪ್ರಶ್ನೆ ಮಾಡಿದೆ. ಪರದೆಯ ಮೇಲೆ ಹಿಡಿಯಲಾಗದ ಬಿಂಬದ ಹೆಸರು ಕೇಳಿದ್ದಕ್ಕೆ ತರಗತಿಯಲ್ಲಿ ಒಬ್ಬಳು ‘ಮಿಥ್ಯಾ’ ಎಂದು ಬರೆದಳು, ನಾನು ಕೊಟ್ಟಿದ್ದ ಉತ್ತರ ‘ಮಿಥ್ಯ’. ಕೆಂಪು ಗುರುತು ಬಿತ್ತು. ಹುಡುಗಿಯ ಮುಖ ಸಪ್ಪಗಾಯಿತು. ಅಂದು ರಾತ್ರಿ ಪ್ರತಿ ಉತ್ತರಕ್ಕೂ ನಡುವೆ ಓರೆಗೆರೆ ಹಾಕಿ ಇನ್ನೊಂದು ರೂಪವನ್ನು ಸೇರಿಸುತ್ತಾ ಕುಳಿತೆ. ಕನ್ನಡದಲ್ಲಿ ಮಾಡುವವರು ಬಿಟ್ಟಸ್ಥಳದ ಬದಲು ಪದಗಳನ್ನು ಎಳೆದು ಕೂರಿಸುವ ಬಗೆಯನ್ನೇ ಆರಿಸಿಕೊಳ್ಳುವುದು ಲೇಸು.

ನನ್ನ ಮತ ಜಿಯೋಜೀಬ್ರಾಕ್ಕೆ. ಮಾರ್ಕುಸ್ ಹೋಹೆನ್‌ವಾರ್ಟರ್ 2001ರಲ್ಲಿ ಸಾಲ್ಜ್‌ಬರ್ಗ್‌ನಲ್ಲಿ ಆರಂಭಿಸಿದ ಇದು ಗಣಿತದವರ ಸಲಕರಣೆ. ಮಸೂರ ಅದರಲ್ಲಿ ಸಿದ್ಧವಾಗಿಲ್ಲ, ನಾವೇ ಕಟ್ಟಬೇಕು. ಸಂಗಮ ದೂರ (ಮಸೂರದಿಂದ ಸಮಾಂತರ ಕಿರಣಗಳು ಕೂಡುವ ಬಿಂದುವಿಗೆ ಇರುವ ದೂರ) 10 ಸೆಂ.ಮೀ. ಇಟ್ಟು, ವಸ್ತುದೂರಕ್ಕೆ ಒಂದು ಸ್ಲೈಡರ್ ಹಾಕಿ ಸೂತ್ರ ಬರೆದೆ. ಸ್ಲೈಡರನ್ನು ಎಲ್ಲಿಗೆ ಎಳೆದರೂ ಬಿಂಬ ಮಸೂರಕ್ಕೂ ಸಂಗಮಕ್ಕೂ ನಡುವೆಯೇ ಅಂಟಿಕೊಂಡು ಕುಳಿತಿತು. ಅರ್ಧ ಗಂಟೆ ತಲೆ ಕೆರೆದುಕೊಂಡ ಮೇಲೆ ಗೊತ್ತಾಯಿತು: ಪಾಠದ ಚಿಹ್ನೆಯ ನಿಯಮದಂತೆ ವಸ್ತುದೂರಕ್ಕೆ ಹಾಕಬೇಕಾದ ಋಣಚಿಹ್ನೆ ಹಾಕಿರಲಿಲ್ಲ. ಇದೇ ತಪ್ಪಿಗೆ ಪ್ರತಿವರ್ಷ ಮಕ್ಕಳ ಅಂಕ ಕಳೆಯುವವನು ನಾನು!

ತರಗತಿಯಲ್ಲಿ ಮೊದಲು ಬಿಂಬವನ್ನು ಮರೆಮಾಡಿ ಸ್ಲೈಡರನ್ನು ಮಾತ್ರ ತೋರಿಸಿದೆ. ಎಲ್ಲರೂ ಊಹೆಯನ್ನು ನೋಟ್‌ಬುಕ್ಕಿನಲ್ಲಿ ಬರೆದ ಮೇಲೆ ಬಿಂಬ. ವಸ್ತು 30ರಲ್ಲಿದ್ದಾಗ ಬಿಂಬ 15ರಲ್ಲಿ, 20ರಲ್ಲಿದ್ದಾಗ 20ರಲ್ಲಿ. ವಸ್ತು 11ಕ್ಕೆ ಬಂದಾಗ ಬಿಂಬ 110ಕ್ಕೆ ಹಾರಿ ಪರದೆಯನ್ನೇ ದಾಟಿತು. ಚಿತ್ರವನ್ನು ಚಿಕ್ಕದು ಮಾಡಿಕೊಂಡು ಮತ್ತೆ ತೋರಿಸಬೇಕಾಯಿತು. 10ರಲ್ಲಿ ಬಿಂಬವೇ ಇಲ್ಲ. “ಓಡಿಹೋಯಿತು ಸರ್” ಎಂದಿತು ಹಿಂದಿನ ಬೆಂಚು. 9ಕ್ಕೆ ತಂದೆ. ಬಿಂಬ ವಸ್ತುವಿರುವ ಕಡೆಯೇ, 90 ಸೆಂ.ಮೀ. ದೂರದಲ್ಲಿ, ನೆಟ್ಟಗೆ ನಿಂತಿತ್ತು.

ಮೇಜಿನ ಮೇಲೆ ನಿಜವಾದ ಮಸೂರ, ಮೇಣದಬತ್ತಿಯೂ ಇದ್ದವು. ಒಬ್ಬ ಹುಡುಗ ಎದ್ದು ಬಂದು ಅಳತೆಪಟ್ಟಿ ಹಿಡಿದು, ಬತ್ತಿಯ ಹಿಂದೆ ಸರಿಯಾಗಿ 90 ಸೆಂ.ಮೀ.ಗೆ ಬಿಳಿ ಕಾಗದ ಹಿಡಿದ. ಏನೂ ಬೀಳಲಿಲ್ಲ. ಕಾಗದವನ್ನು ಹಿಂದೆ ಮುಂದೆ ಆಡಿಸಿದ, ಪರದೆಯನ್ನೊಮ್ಮೆ ನನ್ನನ್ನೊಮ್ಮೆ ನೋಡಿದ. ನಾನು ಬಾಯಿ ಬಿಡಲಿಲ್ಲ. ಕೊನೆಗೆ ಅವನೇ ಈಚೆ ಬಂದು, ಬಗ್ಗಿ, ಮಸೂರದೊಳಗೆ ಕಣ್ಣಿಟ್ಟ. “ಇಲ್ಲೇ ಇದೆ ಸರ್, ದೊಡ್ಡದು!”